41 ಡಿಗ್ರಿ ಬಿಸಿಲಲ್ಲಿ ನುಚ್ಚು ಮಜ್ಜಿಗೆ ಕೆಟ್ಟುಹೋಯಿತು, ಎಲ್ಲಿ ತಪ್ಪಿದೆ?

ಬಿಸಿಲೂರು (ವಿಜಯಪುರ)
ಎಲ್ಲರಿಗೂ ನಮಸ್ಕಾರ. ಒಂಬತ್ತು ವರ್ಷ ಪುಣೆಯಲ್ಲಿದ್ದು ಹೋದ ದೀಪಾವಳಿಗೆ ಊರಿಗೆ ವಾಪಸ್ ಬಂದವನು ನಾನು. ಇಷ್ಟು ವರ್ಷದ ಮೇಲೆ ಇಲ್ಲಿ ಕಳೆಯುತ್ತಿರುವ ಮೊದಲ ಬೇಸಿಗೆ ಇದು. ಈ ವಾರ ಮಧ್ಯಾಹ್ನ 41 ಡಿಗ್ರಿ. ಬಿಸಿ ಅನ್ನ, ಬಿಸಿ ಸಾರು ಗಂಟಲಲ್ಲಿ ಇಳಿಯುವುದಿಲ್ಲ. ಮಕ್ಕಳಂತೂ ಎರಡು ತುತ್ತು ತಿಂದು ತಾಟು ಸರಿಸಿ ಎದ್ದುಬಿಡುತ್ತಾರೆ.

ಆಗ ನಮ್ಮ ಆಯಿ (ಅಜ್ಜಿ) ಮಾಡುತ್ತಿದ್ದ ಜೋಳದ ನುಚ್ಚು ಮಜ್ಜಿಗೆ ನೆನಪಾಯಿತು. ತಣ್ಣಗೆ, ಸ್ವಲ್ಪ ಹುಳಿ, ಮೇಲೆ ಹಸಿ ಉಳ್ಳಾಗಡ್ಡಿ. ಆಯಿ ಈಗ ಇಲ್ಲ. ಅವ್ವನಿಗೆ ಅಳತೆ ನೆನಪಿಲ್ಲ. ಶನಿವಾರ ರಾತ್ರಿ ನಾನೇ ನುಚ್ಚು ಬೇಯಿಸಿ, ಆರಿದ ಮೇಲೆ ಒಂದು ಲೀಟರ್ ಮಜ್ಜಿಗೆ, ಉಪ್ಪು ಕಲಸಿ ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿಟ್ಟೆ. ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ತೆರೆದರೆ ಮೂಗು ಸುಡುವಷ್ಟು ಹುಳಿ, ಮೇಲೆಲ್ಲ ಗುಳ್ಳೆ. ಚೆಲ್ಲಬೇಕಾಯಿತು, ಬಹಳ ಬೇಜಾರಾಯಿತು. ಮರುದಿನ ಫ್ರಿಜ್ಜಲ್ಲಿಟ್ಟು ನೋಡಿದೆ. ಗಟ್ಟಿ ಗಡ್ಡೆಯಾಯಿತು, ರುಚಿಯೇ ಇಲ್ಲ.

ಎಲ್ಲಿ ತಪ್ಪಿದೆ ಹೇಳಿ. ಹಾಗೇ ಈ ಬೇಸಿಗೆಯಲ್ಲಿ ನಿಮಗೆ ಹೊಸದಾಗಿ ಸಿಕ್ಕ ರುಚಿ ಏನಾದರೂ ಇದ್ದರೆ ಅದನ್ನೂ ಬರೆಯಿರಿ. ಮಕ್ಕಳ ಹೊಟ್ಟೆ ತಂಪಾಗಬೇಕು, ಅಷ್ಟೇ.

ರೊಟ್ಟಿಬುಟ್ಟಿ
ಮಜ್ಜಿಗೆ ರಾತ್ರಿನೇ ಹಾಕಿದ್ದು ತಪ್ಪು ರೀ.

ಇಳಕಲ್ ಸೊಸೆ
ಅಣ್ಣಾರೆ, ನಾನು ಮದುವೆಯಾಗಿ ಬಂದ ಮೊದಲ ವರ್ಷ ಇದೇ ತಪ್ಪು ಮಾಡಿದ್ದೆ. ನಮ್ಮ ಅತ್ತೆ ಡಬ್ಬಿ ಮೂಸಿ ನೋಡಿ "ರಾತ್ರಿನ ಮಜ್ಜಿಗಿ ಹಾಕಿದೇನವಾ?" ಅಂತ ಕೇಳಿದ್ದರು. ಬೈಯಲಿಲ್ಲ, ಪಕ್ಕ ಕೂರಿಸಿಕೊಂಡು ತೋರಿಸಿದರು.

ಒಂದು ಬಟ್ಟಲು ನುಚ್ಚಿಗೆ ಐದು ಬಟ್ಟಲು ನೀರು. ನೀರು ಕುದಿ ಬಂದ ಮೇಲೆ ತೊಳೆದ ನುಚ್ಚು ಹಾಕಿ ಸಣ್ಣ ಉರಿಯಲ್ಲಿ ಮುಕ್ಕಾಲು ತಾಸು. ಕುಕ್ಕರ್ ಬೇಡ, ಕುಕ್ಕರಲ್ಲಿ ಮೇಲೆ ನೀರು ಕೆಳಗೆ ಮುದ್ದೆ ಆಗುತ್ತದೆ. ಕಾಳು ಬೆರಳಲ್ಲಿ ಒತ್ತಿದರೆ ಪೂರ್ತಿ ಮೆತ್ತಗಾಗಬೇಕು, ಆದರೆ ಅಕ್ಕಿ ಗಂಜಿಯ ಥರ ಕರಗಬಾರದು. ಆಮೇಲೆ ಮಣ್ಣಿನ ಗಡಿಗೆಗೆ ಹಾಕಿ, ನುಚ್ಚಿನ ಮೇಲೆ ಎರಡು ಬೆರಳು ನಿಲ್ಲುವಷ್ಟು ಕುಡಿಯುವ ನೀರು ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿಡಿ. ಮುಚ್ಚಳ ಹಾಕಬೇಡಿ. ಬೆಳಗ್ಗೆ ಆ ನೀರಿನ ಸಮೇತ ಕೈಯಲ್ಲಿ ಹಿಸುಕಿ, ತಿನ್ನುವ ಹೊತ್ತಿಗೆ ಮಾತ್ರ ಮಜ್ಜಿಗೆ, ಉಪ್ಪು ಸೇರಿಸಿ. ಜೀರಿಗೆ, ಹಸಿಮೆಣಸಿನಕಾಯಿ, ಕೊತ್ತಂಬರಿ ಒಟ್ಟಿಗೆ ಕುಟ್ಟಿ ಹಾಕಿದರೆ ಮಕ್ಕಳು ಕೇಳಿ ಹಾಕಿಸಿಕೊಳ್ಳುತ್ತಾರೆ.

ಗಡಿಗೆ ಹೊಸದಾದರೆ ಎರಡು ಮೂರು ದಿನ ನೀರು ತುಂಬಿ ಚೆಲ್ಲಿ, ಇಲ್ಲಾಂದ್ರೆ ಮಣ್ಣಿನ ವಾಸನೆ ಜಾಸ್ತಿ ಬರುತ್ತದೆ.

ಹೆಪ್ಪು ಮೇಷ್ಟ್ರು
ಅಕ್ಕಾರು ಹೇಳಿದ್ದು ಸರಿ. ಯಾಕೆ ಅನ್ನುವುದನ್ನೂ ಹೇಳುತ್ತೇನೆ, ನಾನು ಹೈಸ್ಕೂಲಲ್ಲಿ ವಿಜ್ಞಾನ ಕಲಿಸುವವನು. ಹಾಲಿಗೆ ಹೆಪ್ಪು ಹಾಕಿದಾಗ ಮೊಸರು ಮಾಡುವ ಜೀವಿಗಳಿಗೆ 40 ಡಿಗ್ರಿ ಸುತ್ತಮುತ್ತ ಬಹಳ ಹದ. ಚಳಿಗಾಲದಲ್ಲಿ ಮೊಸರಿನ ಪಾತ್ರೆಗೆ ಬಟ್ಟೆ ಸುತ್ತಿ ಬೆಚ್ಚಗಿಡುವುದು ಅದಕ್ಕೇ. ಬೇಸಿಗೆಯಲ್ಲಿ ನಿಮ್ಮ ಅಡುಗೆಮನೆಯೇ ಆ ಹದಕ್ಕೆ ಬಂದಿರುತ್ತದೆ. ಮಜ್ಜಿಗೆಯಲ್ಲಿ ಅವು ಇದ್ದೇ ಇವೆ, ನುಚ್ಚು ಅವಕ್ಕೆ ಊಟ. ರಾತ್ರಿ ಒಂಬತ್ತರಿಂದ ಮಧ್ಯಾಹ್ನ ಒಂದಕ್ಕೆ 16 ತಾಸು! ಹುಳಿಯಾಗದೆ ಏನಾಗಬೇಕು?

ಇನ್ನು ಗಡಿಗೆ. ಅದರ ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿವೆ. ನೀರು ಅಲ್ಲಿಂದ ಜಿನುಗಿ ಆರುತ್ತದೆ, ಆರುವಾಗ ಒಳಗಿನ ಬಿಸಿ ತೆಗೆದುಕೊಂಡು ಹೋಗುತ್ತದೆ. ಗಾಳಿ ಒಣಗಿದಷ್ಟೂ ಗಡಿಗೆ ತಂಪು. ಅದಕ್ಕೇ ನಮ್ಮ ಕಡೆ ಗಡಿಗೆ ನೀರು ಅಷ್ಟು ತಣ್ಣಗಿರುವುದು. ಕರಾವಳಿಯ ಜಿಗುಟು ಹವೆಯಲ್ಲಿ ಇಷ್ಟು ಕೆಲಸ ಮಾಡುವುದಿಲ್ಲ. ಗಡಿಗೆಯನ್ನು ಗೋಡೆ ಮೂಲೆಯಲ್ಲಿ ಇಡಬೇಡಿ, ಕಿಟಕಿ ಗಾಳಿಗೆ ಇಡಿ. ಕೆಳಗೆ ಒದ್ದೆ ಮರಳು ಹಾಕಿ.

ಒಂದು ಎಚ್ಚರಿಕೆ. ಹುಳಿ ಬಂದರೆ ಪರವಾಗಿಲ್ಲ. ಆದರೆ ಕೊಳೆತ ವಾಸನೆ ಬಂದರೆ, ಬೂಷ್ಟು ಕಂಡರೆ, ಸೌಟು ಎತ್ತಿದಾಗ ನೂಲು ನೂಲಾಗಿ ಎಳೆದರೆ ಯೋಚನೆ ಮಾಡದೆ ಚೆಲ್ಲಿ. ಮಕ್ಕಳಿಗೆ ಕೊಡಲೇಬೇಡಿ.

ಜಮಖಂಡಿ ಕಾಕಾ
ನಾನು ಒಪ್ಪುವುದಿಲ್ಲ. ನಮ್ಮ ಮನೆಯಲ್ಲಿ ರಾತ್ರಿನೇ ಮಜ್ಜಿಗೆ ಹಾಕುತ್ತಿದ್ದರು, ನನಗೀಗ 63 ವರ್ಷ, ಹುಟ್ಟಿದಾಗಿನಿಂದ ಅದನ್ನೇ ಉಂಡಿದ್ದೇನೆ. ಹುಳಿ ಇಲ್ಲದ ನುಚ್ಚು ಮಜ್ಜಿಗೆ ಏನು ರುಚಿ? ತಪ್ಪಿರುವುದು ಹೊತ್ತು, ಮಜ್ಜಿಗೆ ಅಲ್ಲ. ನಮ್ಮ ಅಪ್ಪ ಬೆಳಗಿನ ಆರಕ್ಕೆ ಎತ್ತು ಹೂಡುವ ಮೊದಲು ಒಂದು ಚರಿಗೆ ಕುಡಿದು ಹೋಗುತ್ತಿದ್ದರು. ಉಳಿದದ್ದು ಎಂಟು ಒಂಬತ್ತಕ್ಕೆ ಹೊಲಕ್ಕೆ ಬರುತ್ತಿತ್ತು. ಮಧ್ಯಾಹ್ನದ ತನಕ ಯಾರೂ ಇಡುತ್ತಿರಲಿಲ್ಲ. ಈಗ ನೀವು ಆಫೀಸಿಂದ ಬಂದು ಒಂದು ಗಂಟೆಗೆ ಉಣ್ಣುತ್ತೀರಿ. ಬೆಳಗಿನ ಊಟವನ್ನು ಮಧ್ಯಾಹ್ನಕ್ಕೆ ಎಳೆದರೆ ಅದು ಕೆಡುತ್ತದೆ ತಮ್ಮಾ.

ಇಳಕಲ್ ಸೊಸೆ
ಕಾಕಾರೆ, ನಿಮ್ಮ ಅವ್ವಾರು ಎಷ್ಟು ಮಜ್ಜಿಗೆ ಹಾಕುತ್ತಿದ್ದರು ನೆನಪಿದೆಯಾ? ಇವರು ಒಂದು ಲೀಟರ್ ಸುರಿದಿದ್ದಾರೆ.

ಜಮಖಂಡಿ ಕಾಕಾ
ಒಂದು ಸಣ್ಣ ಬಟ್ಟಲು ಇರಬೇಕು. ಬೆಳಗ್ಗೆ ಮತ್ತೆ ತಾಜಾ ಮಜ್ಜಿಗೆ ಬೀಳುತ್ತಿತ್ತು. ಹೌದವಾ, ಒಂದು ಲೀಟರ್ ಜಾಸ್ತಿನೇ ಆಯಿತು.

ಬಿಸಿಲೂರು
ಕಾಕಾರೆ, ನೀವು ಹೇಳಿದ ಮೇಲೆ ಗೊತ್ತಾಯಿತು. ಆಯಿಯ ಮನೆಯಲ್ಲಿ ನಾವು ಅದನ್ನು ಹಲ್ಲುಜ್ಜಿದ ಕೂಡಲೇ ತಿನ್ನುತ್ತಿದ್ದೆವು! ರಜೆಯಲ್ಲಿ ತಡವಾಗಿ ಏಳುತ್ತಿದ್ದೆ, ಅದಕ್ಕೆ ಮಧ್ಯಾಹ್ನದ ಊಟ ಅಂತ ತಲೆಯಲ್ಲಿ ಕೂತುಬಿಟ್ಟಿದೆ. ಇನ್ನೊಂದು ಪ್ರಶ್ನೆ. ನಾನು ಅಂಗಡಿಯಿಂದ ತಂದ ನುಚ್ಚಲ್ಲಿ ಅರ್ಧ ಹಿಟ್ಟೇ ಇತ್ತು. ಒಳ್ಳೆಯ ನುಚ್ಚು ಎಲ್ಲಿ ಸಿಗುತ್ತದೆ?

ರೊಟ್ಟಿಬುಟ್ಟಿ
ಕೊಳ್ಳಬೇಡಿ. ಬಿಳಿ ಜೋಳ ತನ್ನಿ, ಹಿಂಗಾರಿಯ ಹೊಸ ಜೋಳ ಈಗ ಬಂದಿದೆ, ಮಾಲದಂಡಿ ಸಿಕ್ಕರೆ ಬಿಡಬೇಡಿ. ಸ್ವಲ್ಪ ನೀರು ಚಿಮುಕಿಸಿ ಅರ್ಧ ತಾಸು ಬಿಟ್ಟು ಗಿರಣಿಗೆ ಒಯ್ಯಿರಿ. "ನುಚ್ಚು ಒಡೆದುಕೊಡಿ" ಅಂದರೆ ಕಲ್ಲು ಸಡಿಲ ಮಾಡಿ ಒಡೆದುಕೊಡುತ್ತಾರೆ. ಮನೆಗೆ ತಂದು ಜರಡಿ ಹಿಡಿದರೆ ಹಿಟ್ಟು ಬೇರೆ, ನುಚ್ಚು ಬೇರೆ. ಆ ಹಿಟ್ಟಲ್ಲಿ ಅಂಬಲಿ ಮಾಡಿ. ಮೊರದಲ್ಲಿ ಕೇರಿದರೆ ಹೊಟ್ಟು ಹಾರಿಹೋಗುತ್ತದೆ.

ಟಿಳಕವಾಡಿ (ಬೆಳಗಾವಿ)
ನಮ್ಮ ಬೆಳಗಾವಿಯಲ್ಲೂ ಈ ಸಲ ವಿಪರೀತ ಸೆಖೆ. ನನಗೆ ಸಿಕ್ಕ ರುಚಿ ಕವಳಿ ಕಾಯಿಯ ಚಟ್ನಿ. ಏಪ್ರಿಲ್ ಕೊನೆಗೆ ಖಾನಾಪುರ ಕಡೆಯಿಂದ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಕವಳಿ ತರುತ್ತಾರೆ, ಎಲೆಯ ದೊನ್ನೆಯಲ್ಲಿ ಅಳೆದು ಕೊಡುತ್ತಾರೆ. ಹಣ್ಣು ಎಲ್ಲರೂ ತಿನ್ನುತ್ತಾರೆ. ಈ ಸಲ ಅವರ ಹತ್ತಿರ ಕಾಯಿಯೂ ಇತ್ತು. ಉಪ್ಪು, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಚೂರು ಬೆಲ್ಲ ಹಾಕಿ ಕಲ್ಲಲ್ಲಿ ಕುಟ್ಟಿದೆ. ರೊಟ್ಟಿ ಜೊತೆ ಏನು ರುಚಿ ಅಂತೀರಿ! ಕಾಯಿಯ ಹಾಲು ಕೈಗೆ ಅಂಟುತ್ತದೆ, ಮೊದಲು ಉಪ್ಪು ನೀರಲ್ಲಿ ಹಾಕಿಡಿ.

ತಿಕೋಟಾ ದ್ರಾಕ್ಷಿ
ಬೆಳಗಾವಿಯವರು ಸೆಖೆ ಅನ್ನಬಾರದು. ಸಂಜೆಯಾದರೆ ನಿಮಗೆ ತಂಪು ಗಾಳಿ ಬೀಸುತ್ತದೆ. ನಮಗೆ ರಾತ್ರಿ ಹನ್ನೊಂದಕ್ಕೂ ಗೋಡೆ ಮುಟ್ಟಿದರೆ ಬಿಸಿ.

ಟಿಳಕವಾಡಿ
ಅಣ್ಣಾ, ನಮ್ಮದು ಮೂರನೇ ಮಹಡಿ, ಮೇಲೆ ಬರೀ ಸ್ಲ್ಯಾಬು. ಒಂದು ಮಧ್ಯಾಹ್ನ ಬಂದು ಕೂತು ನೋಡಿ.

ಖಾನಾಪುರ ಕಾಡು
ಕವಳಿ ಕೊಳ್ಳುವವರಿಗೆ ಒಂದು ಮಾತು. ಆ ಮುಳ್ಳುಕಂಟಿಯಲ್ಲಿ ಕೈ ಗೀರಿಸಿಕೊಂಡು ಬೆಳಗಿನ ಜಾವ ಕಿತ್ತು ತರುತ್ತಾರೆ. ದಯವಿಟ್ಟು ಚೌಕಾಸಿ ಮಾಡಬೇಡಿ.

ನಮ್ಮ ಕಡೆ ಕೋಕಂ ಕೂಡ ಇದೇ ಹೊತ್ತಿಗೆ. ಸಿಪ್ಪೆ ಒಣಗಿಸಿಟ್ಟುಕೊಂಡರೆ ವರ್ಷವಿಡೀ ಆಗುತ್ತದೆ. ನಾಲ್ಕು ಸಿಪ್ಪೆ ನೀರಲ್ಲಿ ನೆನೆಸಿ ಹಿಂಡಿ, ತೆಂಗಿನ ಹಾಲು, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಸೇರಿಸಿದರೆ ಸೋಲ್‌ಕಡಿ. ತೆಂಗಿನ ಹಾಲು ಹಾಕಿದ ಮೇಲೆ ಕುದಿಸಬಾರದು, ಒಡೆಯುತ್ತದೆ. ಗಡಿಗೆ ಬೇಕಾದವರು ಖಾನಾಪುರದ್ದು ನೋಡಿ, ನಮ್ಮೂರಿನ ಮಣ್ಣಿನ ಕೆಲಸ ಹಳೆಯದು.

ತಿಕೋಟಾ ದ್ರಾಕ್ಷಿ
ನನ್ನದು ಒಣದ್ರಾಕ್ಷಿ. ನಮ್ಮದು ದ್ರಾಕ್ಷಿ ತೋಟ, ಶೆಡ್ಡಲ್ಲಿ ಮಣೂಕ ಮಾಡುತ್ತೇವೆ. ಸುಮಾರು ನಾಲ್ಕು ಕಿಲೋ ಹಸಿ ದ್ರಾಕ್ಷಿ ಒಣಗಿದರೆ ಒಂದು ಕಿಲೋ ಸಿಗುತ್ತದೆ. ಬಿಸಿಲಲ್ಲ, ನೆರಳಲ್ಲಿ ಬಲೆಯ ಮೇಲೆ ಹರಡಿ ಎರಡು ವಾರದಷ್ಟು ಗಾಳಿಗೆ ಬಿಡುತ್ತೇವೆ. ಈ ದಿನಗಳಲ್ಲಿ ಮೋಡ ಕಂಡರೆ ನಮಗೆ ಜೀವ ಹಾರುತ್ತದೆ. ಅಕಾಲದ ಮಳೆ ಬಿದ್ದರೆ ಬಣ್ಣ ಕಪ್ಪಾಗಿ ರೇಟು ಬಿದ್ದುಹೋಗುತ್ತದೆ.

ಶೆಡ್ಡಿನ ಆಳುಗಳು ಈ ಸಲ ನನಗೆ ಒಂದು ಪಾನಕ ಕಲಿಸಿದರು. ಜರಡಿಯಲ್ಲಿ ಕೆಳಗೆ ಬೀಳುವ ಸಣ್ಣ ಮಣೂಕ ಒಂದು ಹಿಡಿ ಚೆನ್ನಾಗಿ ತೊಳೆದು ರಾತ್ರಿ ಗಡಿಗೆ ನೀರಲ್ಲಿ ನೆನೆ ಹಾಕಬೇಕು. ಬೆಳಗ್ಗೆ ಅದೇ ನೀರಲ್ಲಿ ಕಿವುಚಿ, ಲಿಂಬೆಹಣ್ಣು ಹಿಂಡಿ, ಚಿಟಿಕೆ ಉಪ್ಪು, ಜಜ್ಜಿದ ಶುಂಠಿ. ಸಕ್ಕರೆ, ಬೆಲ್ಲ ಯಾವುದೂ ಬೇಡ. ಹತ್ತು ವರ್ಷ ಮಣೂಕ ಮಾರಿದ್ದೇನೆ, ಇದು ನನಗೆ ಗೊತ್ತೇ ಇರಲಿಲ್ಲ. ಈಗ ದಿನಾ ಕುಡಿಯುತ್ತೇನೆ.

ಇಂಡಿ ಲಿಂಬೆ
ಲಿಂಬೆ ಅಂದ ಕೂಡಲೇ ನಾನು ಬರಲೇಬೇಕು. ನಮ್ಮ ಇಂಡಿ ಲಿಂಬೆಗೆ ಜಿಐ ಟ್ಯಾಗ್ (ಊರಿನ ಬೆಳೆಗೆ ಕೊಡುವ ಭೌಗೋಳಿಕ ಗುರುತು) ಸಿಕ್ಕಿದೆ, ಎಲ್ಲರಿಗೂ ಗೊತ್ತಿರಲಿ! ಬೇಸಿಗೆಯಲ್ಲಿ ರೇಟು ಏರುತ್ತದೆ, ಅದಕ್ಕೆ ಒಂದೂ ಹಾಳು ಮಾಡಬೇಡಿ. ರಸ ಹಿಂಡಿದ ಸಿಪ್ಪೆ ಎಸೆಯುತ್ತೀರಲ್ವಾ? ಒಂದು ಗಾಜಿನ ಭರಣಿಯಲ್ಲಿ ದಿನಾ ಆ ಸಿಪ್ಪೆ ಹಾಕಿ, ಮೇಲೆ ಕಲ್ಲುಪ್ಪು ಉದುರಿಸಿ ಬಿಸಿಲಿಗಿಡಿ. ಭರಣಿ ತುಂಬಿದ ಮೇಲೆ ಇನ್ನೂ 20 ದಿನ ಬಿಸಿಲು. ಸಿಪ್ಪೆ ಮೆತ್ತಗಾಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಖಾರ, ಬೆಲ್ಲ, ಹುರಿದ ಮೆಂತ್ಯದ ಪುಡಿ. ನಮ್ಮ ಮನೆಯಲ್ಲಿ ಈ ವರ್ಷ ಉಪ್ಪಿನಕಾಯಿಗೆ ಅಂತ ಬೇರೆ ಹಣ್ಣೇ ಕೊಯ್ದಿಲ್ಲ.

ನವನಗರ
ಕಲ್ಲಂಗಡಿಯ ಬಿಳಿ ಭಾಗದ ಪಲ್ಯ ಯಾರಾದರೂ ಮಾಡಿದ್ದೀರಾ? ಹಸಿರು ಸಿಪ್ಪೆ ತೆಗೆದು, ಕೆಂಪು ತಿಂದ ಮೇಲೆ ಉಳಿಯುವ ಬಿಳಿ ತಿರುಳು ಸಣ್ಣಗೆ ಹೆಚ್ಚಿ, ಒಗ್ಗರಣೆ ಹಾಕಿ ಬೇಯಿಸಿ, ಕೊನೆಗೆ ಗುರೆಳ್ಳು ಪುಡಿ. ಸೋರೆಕಾಯಿ ಥರ ಇರುತ್ತದೆ. ನೀರು ಹಾಕಬೇಡಿ, ಅದೇ ಬಿಡುತ್ತದೆ.

ಜಮಖಂಡಿ ಕಾಕಾ
ಅದು ನಮ್ಮ ಎಮ್ಮೆಯ ಪಾಲು. ಅದಕ್ಕೂ ಬೇಸಿಗೆ ಇದೆ.

ನವನಗರ
ಕಾಕಾರೆ, ಹಸಿರು ಸಿಪ್ಪೆ ಎಮ್ಮೆಗೇ ಇಡಿ, ಬಿಳಿಯದು ಮಾತ್ರ ನಮಗೆ. ಒಮ್ಮೆ ಮಾಡಿ ನೋಡಿ, ಖಂಡಿತ ಇಷ್ಟವಾಗುತ್ತದೆ.

ಬೆಂಗಳೂರಲ್ಲಿರುವ ಬಾಗಲಕೋಟೆ
ನೀವೆಲ್ಲ ಬರೆಯುವುದು ಓದಿ ಈಗಲೇ ಬಸ್ ಹತ್ತಬೇಕು ಅನಿಸುತ್ತಿದೆ. ನನಗೆ ಬೇಸಿಗೆ ಅಂದರೆ ಹಳೇ ಬಾಗಲಕೋಟೆಯ ನಮ್ಮ ಮಾಳಿಗೆ. ಆಲಮಟ್ಟಿ ಹಿನ್ನೀರಿಗೆ ಆ ಓಣಿ ಹೋಯಿತು, ಮನೆಯೂ ಹೋಯಿತು. ಮಣ್ಣಿನ ಮಾಳಿಗೆಯ ಮೇಲೆ ಅವ್ವನ ಹಳೇ ಸೀರೆ ಹಾಸಿ ಸಂಡಿಗೆ ಹಾಕುತ್ತಿದ್ದರು. ಕಾಗೆ ಕಾಯುವ ಕೆಲಸ ನನಗೆ ಮತ್ತು ಕಾಕಾನ ಮಗಳಿಗೆ. ಮೇಲೆ ಒಣಗಿ ಒಳಗೆ ಇನ್ನೂ ಹಸಿ ಇರುವ ಸಂಡಿಗೆ ಇದೆಯಲ್ಲ, ಹನ್ನೊಂದು ಗಂಟೆಯ ಹೊತ್ತಿಗೆ ಅದು ಸಿಗುತ್ತಿತ್ತು, ಅದರ ಮುಂದೆ ಕರಿದ ಸಂಡಿಗೆ ಏನೂ ಅಲ್ಲ. ಸಾಲಿನ ಮಧ್ಯದಿಂದ ತೆಗೆಯುತ್ತಿದ್ದೆವು, ತುದಿಯಿಂದ ತೆಗೆದರೆ ಅವ್ವನಿಗೆ ಗೊತ್ತಾಗುತ್ತಿತ್ತು. ಕುರಡಿಗೆ ಮಾಡುವ ದಿನ ಇನ್ನೂ ದೊಡ್ಡ ಹಬ್ಬ. ಗೋಧಿ ಮೂರು ದಿನ ನೆನೆಸಿ, ರುಬ್ಬಿ, ಹಾಲು ತೆಗೆದು ಕಾಯಿಸಿದ ಬಿಸಿ ಹಿಟ್ಟನ್ನು ಒಂದೊಂದು ಬಟ್ಟಲು ಎಣ್ಣೆ ಹಾಕಿ ಕೊಡುತ್ತಿದ್ದರು.

ಇಲ್ಲಿ ಅಪಾರ್ಟ್‌ಮೆಂಟಿನ ಟೆರೇಸಿಗೆ ಬೀಗ. ಬಾಲ್ಕನಿಯಲ್ಲಿ ಎರಡು ತಾಟಿನಷ್ಟು ಸಬ್ಬಕ್ಕಿ ಸಂಡಿಗೆ ಹಾಕಿದೆ. ಮಗಳು ಹಸಿದೇ ಎಲ್ಲಾ ತಿಂದು ಮುಗಿಸಿದಳು. ಸಂತೋಷವಾಯಿತು.

ರೊಟ್ಟಿಬುಟ್ಟಿ
ಅದೇ ಓಣಿಗಳ ಆಚೆ ನಮ್ಮ ಅಜ್ಜನ ಮನೆ ಇತ್ತು. ಓದಿ ಕಣ್ಣು ತುಂಬಿತು.

ಟಿಳಕವಾಡಿ
ಸೀಕರಣೆಗೆ ಹಾಲು ಹಾಕಬೇಕಾ ಬೇಡವಾ? ನಮ್ಮ ಮನೆಯಲ್ಲಿ ಇದಕ್ಕೆ ದಿನಾ ಜಗಳ. ನಮ್ಮ ತವರಲ್ಲಿ ಹಾಲಿಲ್ಲ, ರಸಕ್ಕೆ ತುಪ್ಪ ಮತ್ತು ಚೂರು ಮೆಣಸಿನ ಪುಡಿ ಅಷ್ಟೇ.

ಇಳಕಲ್ ಸೊಸೆ
ನೀವು ಹೇಳುವುದು ಆಮರಸ. ಸೀಕರಣೆ ಅಂದರೆ ಹಾಲು ಬೇಕೇ ಬೇಕು. ಕಾಯಿಸಿ ಪೂರ್ತಿ ತಣ್ಣಗಾದ ಹಾಲು, ಏಲಕ್ಕಿ, ಹಣ್ಣು ಹುಳಿಯಾದರೆ ಬೆಲ್ಲ. ಬಿಸಿ ಹಾಲು ಹಾಕಿದರೆ ಒಡೆಯುತ್ತದೆ. ಬಸವ ಜಯಂತಿಗೆ ಹೋಳಿಗೆ ಸೀಕರಣೆ ಇಲ್ಲದಿದ್ದರೆ ನಮ್ಮಲ್ಲಿ ಹಬ್ಬ ಆದ ಹಾಗೇ ಇಲ್ಲ.

ತಿಕೋಟಾ ದ್ರಾಕ್ಷಿ
ಮಿಕ್ಸರಿಗೆ ಹಾಕಬೇಡಿ, ಕೈಯಲ್ಲೇ ಹಿಂಡಿ. ನಾರು ಸ್ವಲ್ಪ ಬಾಯಿಗೆ ಸಿಗಬೇಕು.

ಇಂಡಿ ಲಿಂಬೆ
ಹಿಂಡುವ ಮೊದಲು ಮಾವು ಎರಡು ತಾಸು ನೀರಲ್ಲಿ ಇಡಿ. ತೊಟ್ಟಿನ ಸೊನೆ ಹೋಗುತ್ತದೆ, ಹಣ್ಣೂ ತಣ್ಣಗಾಗುತ್ತದೆ.

ಟಿಳಕವಾಡಿ
ಸರಿ, ಹೆಸರಿನ ವಿಷಯದಲ್ಲಿ ಒಪ್ಪಿದೆ. ರುಚಿಯ ವಿಷಯದಲ್ಲಿ ಒಪ್ಪುವುದಿಲ್ಲ, ತುಪ್ಪ ಹಾಕಿದ್ದೇ ಚೆನ್ನ.

ಮಹಾಲಿಂಗಪುರ
ಮಾವಿನಕಾಯಿ ಗುಳಂಬ ಯಾರೂ ಹೇಳಲಿಲ್ಲ! ತುರಿದ ಕಾಯಿಗೆ ಅದರಷ್ಟೇ ತೂಕದ ನಮ್ಮ ಮಹಾಲಿಂಗಪುರದ ಬೆಲ್ಲ. ಒಲೆ ಹಚ್ಚಬೇಡಿ. ಭರಣಿಗೆ ಹಾಕಿ ಬಾಯಿಗೆ ಬಟ್ಟೆ ಕಟ್ಟಿ ಎಂಟು ಹತ್ತು ದಿನ ಕಡು ಬಿಸಿಲಿಗಿಡಿ, ದಿನಾ ಸಂಜೆ ಒಣ ಸೌಟಿನಲ್ಲಿ ತಿರುವಿ ಒಳಗಿಡಿ. ಈ ಬಿಸಿಲನ್ನು ಎಲ್ಲರೂ ಬೈಯುತ್ತಾರೆ, ನಮ್ಮ ಗುಳಂಬ ಪಾಕಕ್ಕೆ ಬರುವುದು ಇದರಿಂದಲೇ. ಒಲೆಯ ಮೇಲೆ ಮಾಡಿದ್ದಕ್ಕೆ ಆ ಹೊಳಪು ಬರುವುದಿಲ್ಲ. ಮಕ್ಕಳಿಗೆ ಚಪಾತಿಗೆ ಹಚ್ಚಿ ಸುತ್ತಿ ಕೊಡಿ.

ಹೆಪ್ಪು ಮೇಷ್ಟ್ರು
ಒಂದು ಹನಿ ನೀರು ಸೇರಿದರೂ ಬೂಷ್ಟು ಹಿಡಿಯುತ್ತದೆ. ಕಾಯಿ ತೊಳೆದು ಒರೆಸಿ ಆಮೇಲೆ ತುರಿಯಿರಿ.

ನವನಗರ
ಬಾದಾಮಿ ಕಡೆ ಹೋದರೆ ಬನಶಂಕರಿ ಗುಡಿಯ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂರುವ ಅಕ್ಕಂದಿರ ಹತ್ತಿರ ಊಟ ಮಾಡಿ. ಜೋಳದ ರೊಟ್ಟಿ, ಕಾಳು ಪಲ್ಯ, ಕೆಂಪು ಚಟ್ನಿ, ಸಣ್ಣ ಮಡಕೆಯಲ್ಲಿ ಮೊಸರು. ನಾನು ನೂರು ಸಲ ತಿಂದಿರಬೇಕು. ಮಡಕೆ ನೀರು ಹೀರಿಕೊಳ್ಳುವುದರಿಂದ ಆ ಮೊಸರು ಗಟ್ಟಿ ಅಂತ ಈ ಬೇಸಿಗೆಯಲ್ಲಿ ಒಬ್ಬ ಅಕ್ಕ ಹೇಳಿದ ಮೇಲೆ ತಿಳಿಯಿತು. ಮನೆಗೆ ಎರಡು ಮಡಕೆ ತಂದು ಅದರಲ್ಲೇ ಹೆಪ್ಪು ಹಾಕುತ್ತಿದ್ದೇನೆ. ಈಗ ಸ್ಟೀಲ್ ಪಾತ್ರೆಯ ಮೊಸರು ಮನೆಯಲ್ಲಿ ಯಾರೂ ಕೇಳುವುದಿಲ್ಲ.

ಮುದ್ದೇಬಿಹಾಳ
ಚಿಗಳಿ, ಚಿಗಳಿ! ಹುಣಸೆಹಣ್ಣು, ಬೆಲ್ಲ, ಜೀರಿಗೆ, ಉಪ್ಪು, ಖಾರ ಒರಳಲ್ಲಿ ಕುಟ್ಟಿ ಕಡ್ಡಿಗೆ ಮೆತ್ತಿ. ಮಕ್ಕಳ ಕೈಯಲ್ಲೇ ಕುಟ್ಟಿಸಿ, ಮಧ್ಯಾಹ್ನ ಎರಡು ತಾಸು ಮೊಬೈಲ್ ಕೇಳುವುದಿಲ್ಲ.

ಬಿಸಿಲೂರು
ಇವತ್ತು ಮತ್ತೆ ಭಾನುವಾರ. ವರದಿ ಕೊಡಲು ಬಂದೆ.

ಗಿರಣಿಯಲ್ಲಿ ನುಚ್ಚು ಒಡೆಸಿದೆ. ಗಡಿಗೆ ತಂದು ಮೂರು ದಿನ ನೀರು ತುಂಬಿಟ್ಟೆ. ನಿನ್ನೆ ರಾತ್ರಿ ಅಕ್ಕಾರು ಹೇಳಿದ ಹಾಗೆ ಬರೀ ನೀರು ನಿಲ್ಲಿಸಿ, ಕಾಕಾರ ಮಾತಿಗೆ ಒಂದು ಸಣ್ಣ ಬಟ್ಟಲು ಮಜ್ಜಿಗೆಯನ್ನೂ ಸೇರಿಸಿ, ಕಿಟಕಿ ಹತ್ತಿರ ಒದ್ದೆ ಮರಳಿನ ಮೇಲೆ ಇಟ್ಟೆ. ಬೆಳಗ್ಗೆ ಆರೂವರೆಗೆ ಬಟ್ಟೆ ಬಿಚ್ಚಿದರೆ ಸಣ್ಣಗೆ ಹುಳಿ ವಾಸನೆ, ಗಡಿಗೆ ಮುಟ್ಟಿದರೆ ತಣ್ಣಗೆ. ತಾಜಾ ಮಜ್ಜಿಗೆ, ಉಪ್ಪು, ಕುಟ್ಟಿದ ಖಾರ ಕಲಸಿದೆ. ಅವ್ವನಿಗೆ ಮೊದಲು ಕೊಟ್ಟೆ. ಎರಡು ಗುಟುಕು ಕುಡಿದು "ಉಳ್ಳಾಗಡ್ಡಿ ಹೆಚ್ಚಬ್ಯಾಡೋ, ಮುಷ್ಟಿಲೆ ಗುದ್ದು. ನಿಮ್ಮಾಯಿ ಗುದ್ದಾಕಿ" ಅಂದಳು. ಅದು ನನಗೆ ಗೊತ್ತೇ ಇರಲಿಲ್ಲ. ಗುದ್ದಿದ ಉಳ್ಳಾಗಡ್ಡಿ ಹಾಕಿದ ಮೇಲೆ ಆಯಿಯ ರುಚಿನೇ ಬಂತು. ದೊಡ್ಡ ಮಗ ಎರಡು ಬಟ್ಟಲು, ಸಣ್ಣವಳು ಒಂದು. ಎಂಟು ಗಂಟೆಗೆ ಗಡಿಗೆ ಖಾಲಿ.

ಮಧ್ಯಾಹ್ನಕ್ಕೆ ಕಲ್ಲಂಗಡಿ ಪಲ್ಯ ಮಾಡಿದ್ದೆವು. ನನಗೆ ಇಷ್ಟವಾಯಿತು, ಮಕ್ಕಳಿಗೆ ಆಗಲಿಲ್ಲ. ಮಣೂಕದ ಪಾನಕ ನಾಳೆಗೆ.

ಇಳಕಲ್ ಸೊಸೆ
ಉಳ್ಳಾಗಡ್ಡಿ ಗುದ್ದುವುದು ಬರೆಯಲು ನಾನು ಮರೆತಿದ್ದೆ ನೋಡಿ. ಅವ್ವಾರಿಗೆ ನನ್ನ ನಮಸ್ಕಾರ ಹೇಳಿ.

ಜಮಖಂಡಿ ಕಾಕಾ
ಬಹಳ ಚಲೋ ಆಯಿತು ತಮ್ಮಾ. ಹಸಿಮೆಣಸಿನಕಾಯಿ ಸುಟ್ಟು ಕುಟ್ಟಿ ಹಾಕಿ ನೋಡು ಒಮ್ಮೆ.

ಬಿಸಿಲೂರು
ಆಯಿತು ಕಾಕಾ. ಗಿರಣಿಯಲ್ಲಿ ಐದು ಕಿಲೋ ಒಡೆಸಿಬಿಟ್ಟೆ, ನಮಗೆ ಇಷ್ಟು ಬೇಡ. ವಿಜಯಪುರದಲ್ಲಿ ಯಾರಿಗಾದರೂ ಬೇಕಾದರೆ ಹೇಳಿ.

ತಿಕೋಟಾ ದ್ರಾಕ್ಷಿ
ನನಗೆ ಎರಡು ಕಿಲೋ ಇಡಿ. ಗುರುವಾರ ಮಾರ್ಕೆಟ್ಟಿಗೆ ಬರುತ್ತೇನೆ, ಮಣೂಕ ತರುತ್ತೇನೆ.